ಹಳೇ ಜೀಪಿನ ಹಠಮಾರಿ ವೀಲ್ ನಟ್ಟು

ಸೆಕೆಂಡ್ ಹ್ಯಾಂಡ್ ಜೀಪು ಕೊಂಡವರು ಮನೆಗೆ ತಂದ ವಾರದೊಳಗೆ ನಾಲ್ಕೂ ಗಾಲಿಯ ನಟ್ಟು ಒಮ್ಮೆ ಬಿಚ್ಚಿ ನೋಡಬೇಕು. ಮಂಡಿಪೇಟೆಯಲ್ಲಿ ಕೆಲಸ ಮುಗಿಸಿ ರಾತ್ರಿ ಊರಿಗೆ ಹೊರಟಾಗ ಪಂಕ್ಚರ್ ಆಯಿತೆನ್ನಿ. ನಟ್ಟು ಜಪ್ಪಯ್ಯ ಅಂದರೂ ಅಲ್ಲಾಡದಿದ್ದರೆ ಸ್ಟೆಪ್ನಿ ಇದ್ದೂ ದಂಡ.

ನಾನು ಕೊಂಡ ಜೀಪಿನಲ್ಲಿ ಎಡ ಮುಂಗಾಲಿಗೆ ಐದರ ಬದಲು ನಾಲ್ಕೇ ನಟ್ಟು ಇದ್ದವು. ಹಿಂದಿನವರು ಬಿಚ್ಚಲು ಹೋಗಿ ಸ್ಟಡ್ ತುಂಡು ಮಾಡಿ ಹಾಗೇ ಓಡಿಸಿದ್ದರು. ಉಳಿದ ನಾಲ್ಕರ ಮೇಲೆ ಭಾರ ಹೆಚ್ಚಿ, ಗಾಲಿಯೇ ಕಳಚಿ ಹೋಗುವ ಅಪಾಯ ಇದು.

ಎಡವೋ ಬಲವೋ?

ಮಹೀಂದ್ರದವರು 1940ರ ದಶಕದ ಕೊನೆಗೆ ಅಮೆರಿಕದ ವಿಲ್ಲಿಸ್ ಜೀಪನ್ನು ನಮ್ಮಲ್ಲಿ ಜೋಡಿಸತೊಡಗಿದರು. ಆ ಹಳೇ ಮಾದರಿಯಲ್ಲಿ ಎಡಗಡೆ ಗಾಲಿಗಳಿಗೆ ಉಲ್ಟಾ ಥ್ರೆಡ್ಡು. ಗಾಲಿ ತಿರುಗುತ್ತ ನಟ್ಟು ಸಡಿಲಾಗಬಾರದೆಂದು ಮಾಡಿದ ಏರ್ಪಾಡು. ಅಂಥ ನಟ್ಟು ಗಡಿಯಾರದ ಮುಳ್ಳು ತಿರುಗುವ ಕಡೆಗೇ ಬಿಚ್ಚುತ್ತದೆ. ಗೊತ್ತಿಲ್ಲದವರು ಬಿಚ್ಚುತ್ತೇವೆಂದು ಬಿಗಿಯುತ್ತಲೇ ಹೋಗುತ್ತಾರೆ. ಕೊನೆಗೆ ಸ್ಟಡ್ಡು ಮುರಿಯುತ್ತದೆ.

ಸ್ಟಡ್ಡಿನ ತುದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ. 'ಎಲ್' ಅಕ್ಷರದ ಗುರುತಿದ್ದರೆ ಉಲ್ಟಾ. ಗುರುತು ಸವೆದಿದ್ದರೆ ಬಲಗಡೆ ಗಾಲಿಯ ಸ್ಟಡ್ಡಿನ ಥ್ರೆಡ್ಡು ಯಾವ ಕಡೆ ಓರೆಯಾಗಿದೆ ನೋಡಿ, ಎಡದ್ದಕ್ಕೆ ಹೋಲಿಸಿ. ಎಷ್ಟೋ ಜೀಪುಗಳಲ್ಲಿ ಹಬ್ಬು, ಸ್ಟಡ್ಡು ಬದಲಾಗಿರುವುದರಿಂದ ಒಂದೊಂದು ಗಾಲಿಯನ್ನೂ ನೋಡಲೇಬೇಕು.

ಬಿಚ್ಚುವ ಕ್ರಮ

ನಟ್ಟು ಹಿಡಿಯಲು ಕಾರಣ ಎರಡು: ಗದ್ದೆಯ ಕೆಸರು ನೀರಿನ ತುಕ್ಕು, ಪಂಕ್ಚರ್ ಅಂಗಡಿಯ ಗಾಳಿ ಗನ್ನಿನ ಅತಿ ಬಿಗಿತ. ಥ್ರೆಡ್ಡು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ನಟ್ಟಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ರಾತ್ರಿಯಿಡೀ ನೆನೆಯಲಿ. ಎಣ್ಣೆ ಬ್ರೇಕ್ ಡ್ರಮ್ಮಿಗೆ ಇಳಿಯದಂತೆ ನೋಡಿಕೊಳ್ಳಿ.

ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಬೇಕು. ಜಾಕ್ ಮೇಲೆ ಎತ್ತಿಟ್ಟು ಜಗ್ಗಿದರೆ ಜೀಪು ಜಾರಿ ಮೈಮೇಲೆ ಬಂದೀತು. ಹ್ಯಾಂಡ್ ಬ್ರೇಕ್ ಹಾಕಿ, ಬೇರೆ ಗಾಲಿಗಳಿಗೆ ಕಲ್ಲು ಕೊಡಿ. ನಟ್ಟಿಗೆ ಸರಿಯಾಗಿ ಕೂರುವ ಪಾನಾ ಪೂರ್ತಿ ಒಳಗೆ ತಳ್ಳಿ. ಒಂದಡಿ ಪಾನಾಕ್ಕೆ ಪೈಪು ಸೇರಿಸಿ ಹಿಡಿಕೆ ಮೂರಡಿ ಮಾಡಿಕೊಂಡರೆ ಅದೇ ಜೋರಿಗೆ ಮೂರು ಪಟ್ಟು ಬಲ ಸಿಗುತ್ತದೆ. ಎಗರಿ ತುಳಿಯಬೇಡಿ, ಒಂದೇ ಸಮನೆ ಭಾರ ಬಿಡಿ. ಬಾರದಿದ್ದರೆ ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ಮತ್ತೆ ಬಿಚ್ಚಿ.

ಗಾಳಿ ತುಂಬಿದ ಟೈರು ಇರುವಾಗ ಗ್ಯಾಸಿನ ಬೆಂಕಿ ಹಿಡಿಸಬೇಡಿ. ಟೈರು ಸಿಡಿದರೆ ಜೀವಕ್ಕೇ ಕುತ್ತು. ಕಡೆಗೂ ಬಾರದ ನಟ್ಟನ್ನು ಗಟ್ಟಿ ಉಳಿಯಿಂದ ಸೀಳಿಸಿ. ನಟ್ಟು ಹೋದರೆ ಹೋಗಲಿ, ಸ್ಟಡ್ಡು ಉಳಿಯುತ್ತದೆ.

ಸ್ಟಡ್ಡು ಮುರಿದಿದ್ದರೆ

1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು. ಅದು ಮುಚ್ಚಿದೆ, ಆದರೆ ಹರಿಹರದಲ್ಲಿ ಲೇತ್ ಕೆಲಸ ಬಲ್ಲವರಿದ್ದಾರೆ. ಮುರಿದ ತುಂಡನ್ನು ಅಂಥವರಿಂದ ತೆಗೆಸಬಹುದು. ಹೊಸ ಸ್ಟಡ್ಡನ್ನು ಮಾತ್ರ ಸಾದಾ ಸರಳಿನಿಂದ ಕಡೆಸಬೇಡಿ; ಹದ ಮಾಡಿದ ಉಕ್ಕಿನ ಸ್ಟಡ್ಡೇ ಕೊಂಡು ಹಾಕಿಸಿ. ಉಲ್ಟಾ ಥ್ರೆಡ್ಡಿನದು ಸಿಗದಿದ್ದರೆ ಆ ಗಾಲಿಯ ಐದನ್ನೂ ನಟ್ಟು ಸಮೇತ ಬಲ ಥ್ರೆಡ್ಡಿಗೆ ಬದಲಿಸಿ. ಒಂದೇ ಗಾಲಿಯಲ್ಲಿ ಎರಡು ತರಹ ಬೇಡ. ನನ್ನ ಜೀಪಿಗೆ ಹಾಗೇ ಮಾಡಿಸಿದೆ.

ತಿರುಗಿ ಹಾಕುವಾಗ

ನಟ್ಟಿನ ಇಳಿಜಾರು ಮುಖ ರಿಮ್ಮಿನ ಕಡೆಗಿರಲಿ. ಮೊದಲು ಕೈಯಿಂದಲೇ ತಿರುಗಿಸಿ, ನಂತರ ಒಂದು ಬಿಟ್ಟು ಒಂದರಂತೆ ಪಾನಾದಿಂದ ಬಿಗಿಯಿರಿ. ಬಿಗಿಯುವಾಗ ಪೈಪು ಬೇಡ. 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಗ್ಗಿಗೆ ಮುಂಚೆ ಒಮ್ಮೆ ಬಿಚ್ಚಿ ಒರೆಸಿ ಹಾಕಿದರೆ ನಟ್ಟು ತುಕ್ಕು ಹಿಡಿದು ಕೂರುವುದಿಲ್ಲ. ಪಾನಾ, ಪೈಪು, ಜಾಕು ಸದಾ ಸೀಟಿನಡಿ ಇರಲಿ.