ವಿಶ್ರಮಿಸುವ ಟೈರುಗಳ ವೆಚ್ಚ

ನೆದರ್ಲ್ಯಾಂಡ್ಸ್ ದೇಶದಲ್ಲಿ ಕಾರಿಗೆ ಚಳಿಗಾಲದ ಟೈರು ತೊಡಿಸಲೇಬೇಕೆಂಬ ಶಾಸನವಿಲ್ಲ. ಆದರೂ ಅಕ್ಟೋಬರ್ ಮಾಸವು ಕಳೆಯುತ್ತ ಬಂದಂತೆ ಇಲ್ಲಿಯ ಗ್ಯಾರೇಜುಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಉಷ್ಣತೆಯು ಸುಮಾರು 7 ಡಿಗ್ರಿಗಿಂತ ಕೆಳಗಿಳಿದೊಡನೆ ಬೇಸಗೆಯ ಟೈರಿನ ರಬ್ಬರು ಬಿಗಿದುಕೊಂಡು ರಸ್ತೆಯನ್ನು ಹಿಡಿಯುವ ಗುಣದಲ್ಲಿ ಕುಂದುತ್ತದೆ, ದ ಬಿಲ್ಟ್‌ನ ಹವಾಮಾನ ಕೇಂದ್ರದ ದೀರ್ಘಾವಧಿಯ ಲೆಕ್ಕದಲ್ಲಿ ಜನವರಿಯ ಸರಾಸರಿಯಾದರೋ 3.6 ಡಿಗ್ರಿ ಮಾತ್ರ. ಅದಲ್ಲದೆ, ನಾವಿರುವ ಐಂಡ್‌ಹೋವನ್‌ನಂಥ ಊರಿನಿಂದ ಗಂಟೆಯೊಳಗೆ ಜರ್ಮನಿಯ ಗಡಿ ಸಿಗುತ್ತದೆ. ಅಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ಚಳಿಗಾಲದ ಟೈರು ಕಡ್ಡಾಯ, ಮತ್ತು 2024ರ ಅಕ್ಟೋಬರ್ 1ರಿಂದ ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿಹ್ನೆಯುಳ್ಳ ಟೈರು ಮಾತ್ರ ಆ ಹೆಸರಿಗೆ ಅರ್ಹ. ತಪ್ಪಿದರೆ 60 ಯೂರೋ ದಂಡ. ಮಕ್ಕಳಿಗೆ ಹಿಮವನ್ನು ತೋರಿಸಲೆಂದು ವಿಂಟರ್‌ಬೆರ್ಗಿನ ಕಡೆ ಹೊರಡುವ ಕನ್ನಡದ ಕುಟುಂಬಗಳು ಇದನ್ನು ತಿಳಿದೇ ಹೊರಡುವುದು ಕ್ಷೇಮ.

ಹೀಗೆ ಎರಡು ಸೆಟ್ಟು ಟೈರುಗಳನ್ನು ಕೊಂಡವನು ಅವುಗಳ ಕ್ರಯವನ್ನು ಕುರಿತು ಬಹಳ ಆಲೋಚಿಸುತ್ತಾನೆ, ಆದರೆ ವರ್ಷದ ಅರ್ಧಭಾಗದಲ್ಲಿ ದುಡಿಯದೆ ಮಲಗಿರುವ ನಾಲ್ಕು ಟೈರುಗಳು ಎಲ್ಲಿ, ಹೇಗೆ, ಯಾವ ವೆಚ್ಚದಲ್ಲಿ ಮಲಗಿರಬೇಕೆಂಬುದನ್ನು ಕುರಿತು ಆಲೋಚಿಸುವವರು ವಿರಳ. ಒಂದು ಸೆಟ್ಟು ಓಡುವಾಗ ಮತ್ತೊಂದು ಸವೆಯದಿರುವುದರಿಂದ ಎರಡು ಸೆಟ್ಟುಗಳ ಕ್ರಯವು ಕಾಲಕ್ರಮದಲ್ಲಿ ಬಹುಮಟ್ಟಿಗೆ ತೀರಿಹೋಗುತ್ತದೆ. ನಿಜವಾದ ಹೆಚ್ಚುವರಿ ಖರ್ಚು ಇರುವುದು ಎರಡನೆಯ ಸೆಟ್ಟಿನ ರಿಮ್ಮುಗಳಲ್ಲಿ, ಬದಲಾವಣೆಯ ಕೂಲಿಯಲ್ಲಿ ಮತ್ತು ದಾಸ್ತಾನಿನಲ್ಲಿ. 2014ರ ನವೆಂಬರಿನಿಂದ ಯುರೋಪಿನಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲಿ ಗಾಳಿಯ ಒತ್ತಡವನ್ನು ಗಮನಿಸುವ ವ್ಯವಸ್ಥೆ ಇರಲೇಬೇಕಾದ್ದರಿಂದ, ಕೆಲವು ಕಾರುಗಳಲ್ಲಿ ಎರಡನೆಯ ಸೆಟ್ಟಿಗೂ ಪ್ರತ್ಯೇಕ ಸೆನ್ಸರುಗಳನ್ನು ಕೊಳ್ಳಬೇಕಾಗುತ್ತದೆ. ಅಂಗಡಿಯವರು ಬೆಲೆ ಹೇಳುವಾಗ ಇದು ಸೇರಿದೆಯೇ ಎಂದು ಕೇಳಿ ತಿಳಿಯಬೇಕು.

ಈ ವಿಚಾರವನ್ನು ನಾನು ಲೆಕ್ಕದ ರೂಪದಲ್ಲಿ ಮೊದಲು ಬರೆದುಕೊಂಡದ್ದು ದಾವಣಗೆರೆಯ ಕಡೆಯಿಂದ ಬಂದು ನಮ್ಮ ಬೀದಿಯಲ್ಲಿ ಮನೆಮಾಡಿದ ತರುಣನೊಬ್ಬನ ಪ್ರಶ್ನೆಯಿಂದ. “ಅಣ್ಣಾ, ಕಾರಿಗೆ ಹಾಕದೆ ಇರೋ ಟೈರಿಗೂ ಬಾಡಿಗೆ ಕೊಡಬೇಕಾ?” ಎಂದು ಅವನು ಕೇಳಿದನು. ವರ್ಷಕ್ಕೆ ಎಷ್ಟು ಓಡಿಸುತ್ತೀಯೆ ಎಂದು ನಾನು ವಿಚಾರಿಸಿದೆನು. ಕಚೇರಿಗೆ ಸೈಕಲು, ಮಗುವಿನ ಶಾಲೆಗೂ ಸೈಕಲು, ದೂರದೂರಿಗೆ ರೈಲು. ಕಾರು ವಾರದ ಕೊನೆಗೆ ಮಾತ್ರ. ಎಲ್ಲ ಸೇರಿ ಎಂಟು ಸಾವಿರ ಕಿಲೋಮೀಟರು ಆದರೆ ಹೆಚ್ಚು. ಒಂದು ಸೆಟ್ಟು ನಲವತ್ತು ಸಾವಿರ ಕಿಲೋಮೀಟರು ಬಾಳುತ್ತದೆಂದು ಇಟ್ಟುಕೊಂಡರೆ, ಎರಡು ಸೆಟ್ಟುಗಳಿಗೆ ಸಮನಾಗಿ ಹಂಚಿದ ಈ ಓಟವು ಅವುಗಳನ್ನು ಸವೆಸಲು ಹತ್ತು ವರ್ಷ ಬೇಕು. ಆದರೆ ರಬ್ಬರು ಓಟದಿಂದ ಮಾತ್ರ ಹಾಳಾಗುವ ಪದಾರ್ಥವಲ್ಲ, ಕಾಲವೂ ಅದನ್ನು ತಿನ್ನುತ್ತದೆ. ತಯಾರಾಗಿ 10 ವರ್ಷ ಕಳೆದ ಟೈರನ್ನು, ನೋಡಲು ಚೆನ್ನಾಗಿದ್ದರೂ, ಮುನ್ನೆಚ್ಚರಿಕೆಯಾಗಿ ಬದಲಾಯಿಸಬೇಕೆಂದು ಮಿಶೆಲಿನ್ ಸಂಸ್ಥೆ ಹೇಳುತ್ತದೆ. ಅಂದರೆ ಈ ಮನೆಯವರು ವರ್ಷವರ್ಷವೂ ಬಾಡಿಗೆ ತೆತ್ತು, ತಾವು ಪೂರ್ಣವಾಗಿ ಉಪಯೋಗಿಸುವ ಮುನ್ನವೇ ಮುದಿಯಾಗುವ ವಸ್ತುವೊಂದನ್ನು ಕಾಪಾಡುತ್ತಿರುತ್ತಾರೆ. ಇಪ್ಪತ್ತು ಸಾವಿರ ಕಿಲೋಮೀಟರು ಓಡಿಸುವವನಿಗಾದರೆ ಅದೇ ಎರಡು ಸೆಟ್ಟು ನಾಲ್ಕು ವರ್ಷದಲ್ಲಿ ಸವೆದು, ಕೊಟ್ಟ ಹಣಕ್ಕೆ ಪೂರ್ಣ ಪ್ರತಿಫಲವನ್ನು ಕೊಡುತ್ತದೆ. ದಾಸ್ತಾನಿನ ಪ್ರಶ್ನೆಗೆ ಉತ್ತರವಿರುವುದು ಕಾರಿನ ಓಟದ ಮೀಟರಿನಲ್ಲಿ ಎಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ.

ಅಲ್ಪ ಓಟದವರಿಗೆ ಸರ್ವಋತುವಿನ ಟೈರೇ ಸರಿಯಾದ ಆಯ್ಕೆ. ಈ ಬಗೆಯ ಟೈರಿಗೆ ಈ ನೆಲದಲ್ಲೇ ಒಂದು ಇತಿಹಾಸವುಂಟು: 1909ರಲ್ಲಿ ಸ್ಥಾಪಿತವಾದ ಡಚ್ಚರ ವ್ರೆಡೆಸ್ಟೈನ್ ಸಂಸ್ಥೆಯು 1993ರಲ್ಲಿಯೇ ಕ್ವಾಟ್ರಾಕ್ ಎಂಬ ಸರ್ವಋತು ಟೈರನ್ನು ಹೊರತಂದಿತು, ಮತ್ತು ಆ ಸಂಸ್ಥೆಯನ್ನು 2009ರಲ್ಲಿ ಕೊಂಡದ್ದು ನಮ್ಮ ಭಾರತದ ಅಪೋಲೋ ಟೈರ್ಸ್. ಕೊಳ್ಳುವ ಮುನ್ನ ಹಿಮದ ಹರಳಿನ ಚಿಹ್ನೆ ಇದೆಯೇ ಎಂದು ಪಕ್ಕೆಯನ್ನು ನೋಡಿದರೆ ಜರ್ಮನಿಯ ನಿಯಮಕ್ಕೂ ಉತ್ತರ ಸಿಕ್ಕಂತಾಯಿತು.

ನಮ್ಮ ಮನೆಯ ಓಟ ಹೆಚ್ಚಾದುದರಿಂದ ನಾವು ಎರಡು ಸೆಟ್ಟುಗಳನ್ನು ಉಳಿಸಿಕೊಂಡಿದ್ದೇವೆ. ನಮ್ಮ ಊರಿನಲ್ಲಿ ‘ಬಾಂಡೆನ್‌ಹೋಟೆಲ್’ ಎಂಬ ದಾಸ್ತಾನುಗಳಲ್ಲಿ ಒಂದು ಋತುವಿಗೆ ಐವತ್ತು ಯೂರೋ ಆಸುಪಾಸು ಕೇಳುತ್ತಾರೆ. ವರ್ಷಕ್ಕೆ ನೂರು, ಐದು ವರ್ಷಕ್ಕೆ ಐನೂರು. ಅಷ್ಟರಲ್ಲಿ ಮಧ್ಯಮ ದರ್ಜೆಯ ಹೊಸ ಸೆಟ್ಟೊಂದು ಬಹುತೇಕ ಬಂದುಬಿಡುತ್ತದೆ. ಹಿತ್ತಿಲಿನಲ್ಲಿ ಒಣಗಿದ ಶೆಡ್ಡು ಉಳ್ಳವರು ಈ ಹಣವನ್ನು ಉಳಿಸಬಹುದು, ಸೋರುವ ಶೆಡ್ಡು ಉಳ್ಳವರು ಉಳಿಸಬಾರದು.

ನಾನು ಹುಟ್ಟಿ ಬೆಳೆದುದು ಸುಳ್ಯದ ಸೀಮೆಯಲ್ಲಿ, ರಬ್ಬರು ತೋಟಗಳ ನಡುವೆ. ಹಾಲನ್ನು ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಒತ್ತಿ, ಹೊಗೆಮನೆಯಲ್ಲಿ ತೂಗುಹಾಕಿದ ಶೀಟುಗಳನ್ನು ನಮ್ಮ ಹಿರಿಯರು ಬಿಸಿಲಿನಿಂದ ಕಾಪಾಡುತ್ತಿದ್ದರು, ಏಕೆಂದರೆ ಬಿಸಿಲು ತಗುಲಿದ ಶೀಟು ಅಂಟಂಟಾಗುತ್ತಿತ್ತು. ಮಳೆಗಾಲದ ತೇವದಿಂದಲೂ ಕಾಪಾಡುತ್ತಿದ್ದರು, ಏಕೆಂದರೆ ತೇವ ತಗುಲಿದರೆ ಬೂಷ್ಟು ಹಿಡಿದು ದರ್ಜೆ ಇಳಿಯುತ್ತಿತ್ತು. ಗಂಧಕ ಬೆರೆಸಿ ಬೇಯಿಸಿ ರಬ್ಬರನ್ನು ದೃಢಪಡಿಸುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಮೇಲೂ, ಆ ಶೀಟಿನ ಪ್ರಕೃತಿ ಟೈರಿನಲ್ಲಿ ಪೂರ್ತಿಯಾಗಿ ಅಳಿದಿಲ್ಲ. ಬೆಳಕು, ಶಾಖ, ಎಣ್ಣೆ ಮತ್ತು ಓಝೋನ್ ಇವು ಇಂದಿಗೂ ಅದರ ಶತ್ರುಗಳು. ಓಝೋನ್ ಎಂಬುದು ಆಕಾಶದ ಎತ್ತರದಲ್ಲಿ ಮಾತ್ರ ಇರುವ ಅನಿಲವೆಂದು ಭಾವಿಸಬಾರದು. ಕಿಡಿ ಹಾರುವ ವಿದ್ಯುತ್ ಮೋಟಾರಿನ ಬಳಿಯಲ್ಲಿಯೂ ಅದು ಹುಟ್ಟುತ್ತದೆ, ರಬ್ಬರಿನ ಅಣುಗಳಲ್ಲಿಯ ದ್ವಿಬಂಧಗಳನ್ನು ಕತ್ತರಿಸಿ ಟೈರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಮೂಡಿಸುತ್ತದೆ. ಆದಕಾರಣ ಡ್ರಿಲ್ಲು ಮೊದಲಾದ ಯಂತ್ರಗಳು, ಮನೆ ಬೆಚ್ಚಗಿಡುವ ಬಾಯ್ಲರು, ಪೆಟ್ರೋಲು ತುಂಬಿದ ಹುಲ್ಲು ಕತ್ತರಿಸುವ ಯಂತ್ರ, ಬಣ್ಣದ ಡಬ್ಬಿ ಇವುಗಳ ನೆರೆಯಲ್ಲಿ ಟೈರನ್ನು ಇಡದಿರುವುದೇ ಲೇಸು.

ಚಕ್ರವನ್ನು ಕಳಚುವಾಗಲೇ ಅದು ಮುಂದಿನದೋ ಹಿಂದಿನದೋ, ಎಡದ್ದೋ ಬಲದ್ದೋ ಎಂಬುದನ್ನು ಸೀಮೆಸುಣ್ಣದಿಂದ ಗುರುತಿಸಿ, ಬರಿಯ ನೀರಿನಿಂದ ತೊಳೆದು, ಗೀರುಗಳಲ್ಲಿ ಸಿಕ್ಕ ಕಲ್ಲುಗಳನ್ನು ತೆಗೆದು, ಸಂಪೂರ್ಣವಾಗಿ ಒಣಗಿಸಿ, ಕತ್ತಲಾದ ತಂಪು ಮೂಲೆಯಲ್ಲಿ ಹೊದಿಸಿ ಇಡುವುದು ನಮ್ಮ ಮನೆಯ ಪದ್ಧತಿ. ರಿಮ್ಮು ಸಹಿತವಾದ ಚಕ್ರಗಳನ್ನು ಸ್ವಲ್ಪ ಹೆಚ್ಚು ಗಾಳಿ ತುಂಬಿ ಒಂದರ ಮೇಲೊಂದು ಮಲಗಿಸಬಹುದು, ಇಲ್ಲವೆ ತೂಗುಹಾಕಬಹುದು. ರಿಮ್ಮಿಲ್ಲದ ಬರಿಯ ಟೈರುಗಳಾದರೆ ನಿಲ್ಲಿಸಿಯೇ ಇಡಬೇಕು, ತೂಗಬಾರದು, ಒಂದೇ ಭಾಗದ ಮೇಲೆ ಭಾರ ಬೀಳದಂತೆ ಆಗಾಗ ಸ್ವಲ್ಪ ತಿರುಗಿಸುತ್ತಿರಬೇಕು. ಮತ್ತೆ ತೊಡಿಸಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರು ಓಡಿದೊಡನೆ ಬೋಲ್ಟುಗಳ ಬಿಗಿಯನ್ನು ಪರೀಕ್ಷಿಸುವ ಕೆಲಸವನ್ನು ನಮ್ಮಾಕೆ ಎಂದಿಗೂ ಮರೆಯಗೊಡುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರು ಸಾಮಾನ್ಯ ಓಣಿಯಲ್ಲಿ ಟೈರು ಪೇರಿಸುವುದು ಸರಿಯಲ್ಲ. ಬೆಂಕಿ ಹತ್ತಿದರೆ ರಬ್ಬರಿನ ಹೊಗೆ ಘೋರವಾದುದು.

ಹೊರಗಿನ ದಾಸ್ತಾನಿಗೆ ಕೊಡುವವರು ರಸೀತಿಯ ವಿಷಯದಲ್ಲಿ ದಾಕ್ಷಿಣ್ಯ ಪಡಬಾರದು. ಟೈರಿನ ಹೆಸರು, ಅಳತೆ, ಗೀರುಗಳ ಆಳ, ಮತ್ತು ಪಕ್ಕೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳು ಅದರಲ್ಲಿ ಬರೆದಿರಬೇಕು. ಆ ಅಂಕೆ 3521 ಎಂದಿದ್ದರೆ ಟೈರು 2021ರ 35ನೆಯ ವಾರದಲ್ಲಿ ತಯಾರಾಯಿತೆಂದು ಅರ್ಥ. ಬೆಂಕಿ, ಕಳವುಗಳಿಗೆ ವಿಮೆಯುಂಟೇ ಎಂದೂ ಕೇಳಬೇಕು. ವ್ಯಾಪಾರ ಕೈಬದಲಾದಾಗಲಿ ದಿವಾಳಿಯಾದಾಗಲಿ, ಅಲ್ಲಿ ಮಲಗಿರುವ ನಾಲ್ಕು ನಮ್ಮವೇ ಎಂದು ತೋರಿಸಲು ಈ ಒಂದು ಕಾಗದವೇ ಆಧಾರ. ಕಂಪನಿಯ ಲೀಸ್ ಕಾರು ಉಳ್ಳವರಿಗೆ ಈ ಚಿಂತೆ ಸಾಮಾನ್ಯವಾಗಿ ಇಲ್ಲ. ಸ್ವಂತ ಕಾರನ್ನು ಮಾರುವವರು ಮಾತ್ರ ದಾಸ್ತಾನಿನಲ್ಲಿರುವ ಸೆಟ್ಟನ್ನೂ ಕ್ರಯದಲ್ಲಿ ಸೇರಿಸಬೇಕು, ಅಳತೆ ಬೇರೆಯಾದ ಮುಂದಿನ ಕಾರಿಗೆ ಅದು ನಿಷ್ಪ್ರಯೋಜಕ.

ವಸಂತದಲ್ಲಿ ಚಳಿಗಾಲದ ಸೆಟ್ಟನ್ನು ಒಳಗಿಡುವ ಮುನ್ನ ಗೀರುಗಳ ಆಳವನ್ನು ಅಳೆಯುವುದು ನಾನು ಯಾರಿಗಾದರೂ ಒತ್ತಿ ಹೇಳುವ ಮಾತು. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರು, ಆದರೆ ಹಿಮದಲ್ಲಿ ಕೆಲಸಕ್ಕೆ ಬರಬೇಕಾದರೆ 4 ಮಿಲಿಮೀಟರು ಇರಬೇಕು, ಆಸ್ಟ್ರಿಯದಲ್ಲಿ ಅದಕ್ಕಿಂತ ಕಡಿಮೆಯಿದ್ದರೆ ಚಳಿಗಾಲದ ಟೈರೆಂದೇ ಒಪ್ಪುವುದಿಲ್ಲ. ಆ ಅಳತೆಗೆ ಬಂದು ಮುಟ್ಟಿದ ಸೆಟ್ಟಿಗೆ ಮತ್ತೊಂದು ಋತುವಿನ ಬಾಡಿಗೆ ಕಟ್ಟುವುದೆಂದರೆ ಅಕ್ಟೋಬರಿನಲ್ಲಿ ಎಸೆಯಲಿರುವ ವಸ್ತುವಿಗೆ ಏಪ್ರಿಲಿನಿಂದ ಹಣ ತೆತ್ತಂತೆ. ಅದನ್ನು ಆಗಲೇ ಗ್ಯಾರೇಜಿಗೆ ಒಪ್ಪಿಸಿ, ಉಳಿದ ಐವತ್ತು ಯೂರೋವನ್ನು ಹೊಸ ಸೆಟ್ಟಿನ ಲೆಕ್ಕಕ್ಕೆ ಜಮಾ ಮಾಡುವುದು ಲೇಸು.