ಎದೆಯ ರೋಗಿಯನ್ನು ಪರೀಕ್ಷಿಸುವ ಕ್ರಮ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಮನೆಯ ಹಿರಿಯಳು ನಾಲ್ಕು ಹೆಜ್ಜೆ ನಡೆದು ಏದುಸಿರು ಬಿಟ್ಟರೆ, “ವಯಸ್ಸಾಯಿತು, ನಿಶ್ಶಕ್ತಿ” ಎಂದು ಸುಮ್ಮನಾಗುವವರುಂಟು. ಆಕೆಯೂ ಹಾಗೆಯೇ ಹೇಳುವಳು. ಆದರೆ ಬಹುಕಾಲ ಸೌದೆಯೊಲೆಯ ಹೊಗೆ ಕುಡಿದವಳ ಶ್ವಾಸಕೋಶಗಳು ಕೆಟ್ಟಿರಬಹುದು. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬಂದ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟಿರಬಹುದು. ಎರಡಕ್ಕೂ ಚಿಕಿತ್ಸೆಯುಂಟು. ಮೊದಲು ಯಾರಾದರೂ ಆಕೆಯನ್ನು ಸರಿಯಾಗಿ ನೋಡಬೇಕಷ್ಟೆ.

ನೋಡುವುದು, ಮುಟ್ಟುವುದು, ತಟ್ಟುವುದು, ಕೇಳುವುದು, ಇವು ವೈದ್ಯರ ನಾಲ್ಕು ಪರೀಕ್ಷೆಗಳು. ಮೊದಲೆರಡರಲ್ಲಿ ಕೆಲವನ್ನು ಮನೆಯವರೂ ಮಾಡಬಲ್ಲರು. ರೋಗಿಯು ವಿಶ್ರಮಿಸುತ್ತಿರುವಾಗ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸುವುದು ಆಕೆಗೆ ತಿಳಿಯಬಾರದು, ತಿಳಿದರೆ ಉಸಿರಿನ ಗತಿ ಬದಲಾಗುವುದು. ದೊಡ್ಡವರಲ್ಲಿ 12ರಿಂದ 20 ಸಹಜ. ಕೆಮ್ಮುವ ಮಗುವಿಗೆ ವರ್ಷ ತುಂಬಿದ್ದು ಐದಾಗದಿದ್ದರೆ, 40 ಮುಟ್ಟಿದೊಡನೆ ನ್ಯುಮೋನಿಯವೆಂದು ಶಂಕಿಸಬೇಕು. ನಾಲಗೆ ನೀಲಿಗಟ್ಟಿದರೆ ಒಂದು ಗಳಿಗೆಯೂ ತಡೆಯಬಾರದು. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿಹಿಡಿದು ತೆಗೆದಾಗ ಗುಳಿ ಉಳಿದರೆ ಅಲ್ಲಿ ನೀರು ನಿಂತಿದೆಯೆಂದು ಅರ್ಥ. ಮೂತ್ರಪಿಂಡದ ರೋಗದಲ್ಲಿಯೂ ಹೀಗಾಗುವುದುಂಟು. ಆದರೆ ಇದರೊಡನೆ ಅಂಗಾತ ಮಲಗಲಾರದೆ ರಾತ್ರಿ ಎದ್ದು ಕುಳಿತುಕೊಳ್ಳುವವಳಾದರೆ ಹೃದಯವು ಸೋಲುತ್ತಿರುವ ಸಂಭವ ಹೆಚ್ಚು. ಎಷ್ಟು ದಿಂಬು ಬೇಕೆಂದು ಕೇಳುವುದು ಸಣ್ಣ ಪ್ರಶ್ನೆಯಲ್ಲ.

ತಟ್ಟಿ ನೋಡುವುದು ನಮ್ಮವರಿಗೆ ಹೊಸದೇನೂ ಅಲ್ಲ. ಹಲಸಿನ ಹಣ್ಣನ್ನು ತಟ್ಟಿಯೇ ತಿಳಿಯುವೆವಲ್ಲವೆ? ಇದನ್ನು ಎದೆಗೆ ಅನ್ವಯಿಸಿ 1761ರಲ್ಲಿ ಗ್ರಂಥ ಬರೆದವನು ವಿಯೆನ್ನಾದ ವೈದ್ಯ ಔಎನ್‌ಬ್ರುಗ್ಗರ್. ಗಾಳಿಯಿರುವ ಕಡೆ ಟೊಳ್ಳುದನಿ, ನೀರು ತುಂಬಿದ ಕಡೆ ಮಂದದನಿ. ಸ್ಟೆತೊಸ್ಕೋಪಿನ ಹುಟ್ಟಿಗೆ ಕಾರಣವಾದುದು ಸಂಕೋಚ. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯನು ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಹಿಂಜರಿದು ಕಾಗದವನ್ನು ಸುರುಳಿ ಸುತ್ತಿ ಕೇಳಿದನು. ಹೃದಯದ ಬಡಿತ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ವೈದ್ಯರ ಮುಂದೆ ನಾಚಿ ಸೆರಗನ್ನು ಬಿಗಿಹಿಡಿಯುವ ನಮ್ಮ ತಾಯಂದಿರಿಗೆ ಈ ಕಥೆಯನ್ನು ಹೇಳಬಹುದು.

ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಆಗಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ. ಕಡೂರಿನ ಅಥವಾ ತರೀಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಆಕೆ ಬಹುಶಃ “ಏನೂ ಇಲ್ಲ, ಸ್ವಾಮಿ” ಎನ್ನುವಳು. ಆಗ ಉಸಿರಿನ ಎಣಿಕೆ, ದಿಂಬುಗಳ ಲೆಕ್ಕ, ಕಾಲು ಬಾತ ದಿನ, ಇವನ್ನು ಬರೆದಿಟ್ಟ ಚೀಟಿಯನ್ನು ಜೊತೆಗೆ ಹೋದ ಮಗಳು ವೈದ್ಯರ ಕೈಗೆ ಕೊಡಲಿ.