ಬಹುರೂಪಿ ವೈರಾಣು

ತಾಯಿಯ ಗರ್ಭವು ಶಿಶುವಿಗೆ ಪ್ರಕೃತಿಯು ಕಟ್ಟಿಕೊಟ್ಟ ಕೋಟೆ. ಬಹುಪಾಲು ರೋಗಾಣುಗಳು ಈ ಕೋಟೆಯನ್ನು ದಾಟಲಾರವು. ಆದರೆ ಕೆಲವು ವೈರಾಣುಗಳು ಜರಾಯುವನ್ನು, ಅಂದರೆ ಮಾಸನ್ನು, ಹಾಯ್ದು ಒಳಹೊಕ್ಕು, ಹುಟ್ಟುವ ಮುನ್ನವೇ ಮಗುವನ್ನು ಪೀಡಿಸುತ್ತವೆ. ಅವುಗಳಲ್ಲಿ ಸೈಟೋಮೆಗಲೊ ವೈರಾಣು ಮುಖ್ಯವಾದುದು.

1881ರಲ್ಲಿ ಜರ್ಮನಿಯ ರಿಬರ್ಟ್ ಎಂಬ ವಿಜ್ಞಾನಿಯು ಸತ್ತು ಹುಟ್ಟಿದ ಶಿಶುವೊಂದರ ಮೂತ್ರಪಿಂಡದಲ್ಲಿ ಅಸಾಧಾರಣ ಗಾತ್ರದ ಜೀವಕೋಶಗಳನ್ನು ಕಂಡನು. ಅದಕ್ಕೆ ಕಾರಣವೇನೆಂಬುದು ಆಗ ತಿಳಿಯಲಿಲ್ಲ. 1956ರ ಸುಮಾರಿಗೆ ಅಮೆರಿಕದಲ್ಲಿ ಮಾರ್ಗರೆಟ್ ಸ್ಮಿತ್, ವ್ಯಾಲೇಸ್ ರೋ ಮತ್ತು ಥಾಮಸ್ ವೆಲ್ಲರ್ ಬೇರೆಬೇರೆಯಾಗಿ ದುಡಿದು ಈ ವೈರಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಜೀವಕೋಶಗಳನ್ನು ಹಿಗ್ಗಿಸುವ ಗುಣದಿಂದಲೇ ಅದಕ್ಕೆ ಈ ಹೆಸರು ಬಂದಿತು.

ಅಮೆರಿಕದಲ್ಲಿ ಸುಮಾರು 200 ಶಿಶುಗಳಲ್ಲಿ ಒಂದು ಈ ಸೋಂಕಿನೊಡನೆ ಜನಿಸುತ್ತದೆ. ಹಾಗೆ ಜನಿಸಿದ ಐದು ಶಿಶುಗಳಲ್ಲಿ ಸುಮಾರು ಒಂದಕ್ಕೆ ಕಿವುಡುತನವೇ ಮೊದಲಾದ ಶಾಶ್ವತ ತೊಂದರೆ ಉಂಟಾಗುತ್ತದೆ. ಹುಟ್ಟಿದಾಗ ಚೆನ್ನಾಗಿ ಕೇಳುತ್ತಿದ್ದ ಮಗು ಕೆಲವು ವರ್ಷಗಳ ಅನಂತರ ಶ್ರವಣಶಕ್ತಿಯನ್ನು ಕಳೆದುಕೊಳ್ಳುವುದೂ ಉಂಟು.

ಒಮ್ಮೆ ಸೋಂಕು ತಗುಲಿದ ತಾಯಿಯ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ ರಕ್ಷಿಸಬೇಕಲ್ಲವೆ? ರಕ್ಷಣೆ ದೊರೆಯುವುದು ನಿಜ; ಆದರೆ ಅದು ಪೂರ್ಣವಲ್ಲ. ಹಳೆಯ ವೈರಾಣು ದೇಹದಲ್ಲಿ ಅಡಗಿದ್ದು ಮತ್ತೆ ಎಚ್ಚರಗೊಳ್ಳಬಲ್ಲುದು. ಇನ್ನೊಂದು ಕಾರಣ ವೈರಾಣುವಿನ ವೈವಿಧ್ಯ.

ಈ ವೈರಾಣುವಿನ ಡಿ.ಎನ್.ಎ.ಯು ಸುಮಾರು 2,35,000 ಅಕ್ಷರಗಳ ಗ್ರಂಥದಂತಿದೆ. ಹಿಂದೆ ಓಲೆಗರಿಯ ಕಾವ್ಯವನ್ನು ಪ್ರತಿಮಾಡುವಾಗ ಲಿಪಿಕಾರರ ಕೈಯಲ್ಲಿ ಪಾಠಾಂತರಗಳು ಹುಟ್ಟುತ್ತಿದ್ದವು. ಎರಡು ಪ್ರತಿಗಳನ್ನು ನೋಡಿ ಬರೆದವನು ಎರಡರ ಪಾಠಗಳನ್ನೂ ಬೆರೆಸುತ್ತಿದ್ದನು. ವೈರಾಣುವಿನಲ್ಲೂ ಹಾಗೆಯೇ ನಡೆಯುತ್ತದೆ. ಗ್ರಂಥದ ಹೆಚ್ಚಿನ ಭಾಗ ಎಲ್ಲೆಡೆ ಒಂದೇ ಆಗಿದ್ದರೂ, ಹೊರಕವಚವನ್ನು ರೂಪಿಸುವ ಕೆಲವು ವಂಶವಾಹಿಗಳು ತಳಿಯಿಂದ ತಳಿಗೆ ಬಹಳ ಭಿನ್ನವಾಗಿವೆ. ಒಂದು ವೇಷವನ್ನು ಗುರುತಿಸಲು ಕಲಿತ ಪ್ರತಿಕಾಯವು ಇನ್ನೊಂದು ವೇಷದ ಮುಂದೆ ತಡವರಿಸುತ್ತದೆ.

ಅಮೆರಿಕದ ಅಲಬಾಮಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಪುಷ್ಟಿ ನೀಡಿತು. ಮೊದಲೇ ಪ್ರತಿಕಾಯಗಳಿದ್ದೂ ಸೋಂಕಿತ ಶಿಶುಗಳನ್ನು ಹೆತ್ತ 16 ತಾಯಂದಿರಲ್ಲಿ 10 ಮಂದಿಯ ರಕ್ತದಲ್ಲಿ ಹೊಸ ತಳಿಯ ವಿರುದ್ಧದ ಪ್ರತಿಕಾಯಗಳು ಕಂಡುಬಂದವು. ಸೋಂಕಿಲ್ಲದ ಶಿಶುಗಳನ್ನು ಹೆತ್ತ 30 ಮಂದಿಯಲ್ಲಿ ಅವು ಕಂಡದ್ದು ಕೇವಲ ನಾಲ್ವರಲ್ಲಿ.

ಗರ್ಭಸ್ಥ ಶಿಶುವನ್ನು ಬಾಧಿಸುವ ರುಬೆಲ್ಲಾ ವೈರಾಣುವಿಗೂ ಹಲವು ತಳಿಗಳುಂಟು. ಆದರೆ ಅವೆಲ್ಲವನ್ನೂ ಒಂದೇ ಲಸಿಕೆ ತಡೆಯಬಲ್ಲುದು. ಆದುದರಿಂದಲೇ 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ನೀಡುವ ಅಭಿಯಾನ ಆರಂಭವಾಯಿತು. ಸೈಟೋಮೆಗಲೊ ವೈರಾಣುವಿಗೆ 2024ರ ಕೊನೆಯವರೆಗೂ ಅಂಗೀಕೃತ ಲಸಿಕೆ ದೊರೆತಿರಲಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಈ ವೈರಾಣು ಬಹುಮಟ್ಟಿಗೆ ಎಳೆಯ ಮಕ್ಕಳ ಜೊಲ್ಲು ಮತ್ತು ಮೂತ್ರದ ಮೂಲಕ ಹರಡುತ್ತದೆ. ಗರ್ಭಿಣಿಯು ಮಗುವಿನ ಬಟ್ಟೆ ಬದಲಿಸಿದ ಮೇಲೆ ಸಾಬೂನಿನಿಂದ ಕೈತೊಳೆಯುವುದು, ಅದರ ಎಂಜಲನ್ನು ತಿನ್ನದಿರುವುದು, ಇವು ಸುಲಭವಾದ ಉಪಾಯಗಳು. ವೈರಾಣು ಎಷ್ಟು ವೇಷ ತೊಟ್ಟರೂ ಅದು ಬರುವ ದಾರಿ ಬದಲಾಗದು. ಆ ದಾರಿಯನ್ನು ಕಾಯುವುದು ಗರ್ಭಿಣಿಯೊಬ್ಬಳ ಹೊಣೆಯಲ್ಲ, ಮನೆಮಂದಿಯೆಲ್ಲರ ಕರ್ತವ್ಯ.